ಗೋಡೆ ಮೇಲಿನ ಫೋಟೋದಲ್ಲಿರುವ ಈ ಸ್ಟೇಷನ್ ಯಾವುದು? ಚಿಕ್ಕಬಳ್ಳಾಪುರ, ಕೋಲಾರದವರು ಸ್ವಲ್ಪ ನೋಡಿ

ಕಂದವಾರಪೇಟೆ ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ಮನೆಗೆ ಸುಣ್ಣ ಬಣ್ಣ ಮಾಡಿಸೋಣ ಅಂತ ಹೋದ ವಾರ ನಡುಮನೆ ಗೋಡೆಯ ಫೋಟೋಗಳನ್ನೆಲ್ಲ ಇಳಿಸಿದೆವು. ದೇವರ ಪಟಗಳ ಸಾಲಿನ ಕೊನೆಯಲ್ಲಿ ನಮ್ಮ ತಾತನ ಒಂದು ಫೋಟೋ ಇದೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೆ ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ. ಗೋಡೆ ಮೇಲೆ ಅಷ್ಟು ಎತ್ತರದಲ್ಲಿ ಇತ್ತು ಅಲ್ವಾ.

ಕೆಳಗಿಳಿಸಿ ಗಾಜು ಒರೆಸಿದಾಗ ಕಂಡಿದ್ದು ಇದು. ಕಪ್ಪು ಬಿಳುಪು ಫೋಟೋ. ತಾತ ಪಂಚೆ, ಅರ್ಧ ತೋಳಿನ ಅಂಗಿ ಹಾಕಿ ನಿಂತಿದ್ದಾರೆ. ಪಕ್ಕದಲ್ಲಿ ಅಜ್ಜಿ, ಆಗಿನ್ನೂ ಹುಡುಗಿ. ಅವರ ಮುಂದೆ ನಮ್ಮ ಚಿಕ್ಕತಾತ, ಅಂದರೆ ತಾತನ ತಮ್ಮ, ಸುಮಾರು ಹತ್ತು ವರ್ಷದವರು. ರೈಲು ಕಂಬಿಯ ಮೇಲೆ ಆ ಕಡೆ ಒಂದು ಕಾಲು, ಈ ಕಡೆ ಒಂದು ಕಾಲು ಇಟ್ಟು, ಕೈ ಅಗಲಿಸಿ ನಿಂತಿದ್ದಾರೆ. ಬಲಕ್ಕೆ ಹೆಂಚಿನ ಮಾಡಿನ ಒಂದು ಮೂಲೆ, ಅದರ ಪಕ್ಕ ಕಲ್ಲಿನ ಕಂಬಗಳ ಮೇಲೆ ನೀರಿನ ಟ್ಯಾಂಕ್. ಹಿಂದೆ ಎರಡು ಬೆಟ್ಟ. ಬೋರ್ಡು ಇಲ್ಲ, ಹೆಸರಿಲ್ಲ.

ಹಿಂಬದಿಯಲ್ಲಿ ನೇರಳೆ ಬಣ್ಣದ ಸೀಲು. ಸ್ಟುಡಿಯೋ ಹೆಸರು ಅಳಿಸಿ ಹೋಗಿದೆ, 'ತುಮಕೂರು' ಅನ್ನೋದು ಮಾತ್ರ ಓದಬಹುದು. ನಮಗೂ ತುಮಕೂರಿಗೂ ನೆಂಟಸ್ತನವಿಲ್ಲ. ಅಜ್ಜಿಗೆ ಈಗ 85 ದಾಟಿದೆ. ಕೇಳಿದರೆ 'ಯಾವುದೋ ಟೇಸನ್ನು ಕಣಪ್ಪ, ಅವರು ನಿಲ್ಲು ಅಂದ್ರು, ನಿಂತ್ಕೊಂಡೆ' ಅಂದರು. ಅಷ್ಟೇ.

ಇದು ಯಾವ ಊರು ಅಂತ ಯಾರಾದರೂ ಹೇಳಬಲ್ಲಿರಾ?

ಅಮಾನಿಕೆರೆ ಏರಿ:
ಇದರಲ್ಲಿ ಕೇಳೋದೇನಿದೆ ಸಾರ್, ಹಿಂದೆ ಸೀಲೇ ಇದೆಯಲ್ಲ. ತುಮಕೂರು ಹಳೇ ಸ್ಟೇಷನ್. ಬೆಟ್ಟ ದೇವರಾಯನದುರ್ಗ. ನಮ್ಮೂರಿನ ಹಳೇ ಗುರುತುಗಳೆಲ್ಲ ಹೀಗೇ ಒಂದೊಂದಾಗಿ ಫೋಟೋದಲ್ಲೇ ಉಳಿದಿವೆ. ವಾಚ್ ಫ್ಯಾಕ್ಟರಿಯನ್ನೇ ನೋಡಿ, ಎಚ್‌ಎಂಟಿ ಬಸ್ಸು ನೋಡಿ ಟೈಮ್ ಹೇಳುತ್ತಿದ್ದೆವು. 2016ರಲ್ಲಿ ಬಾಗಿಲು ಹಾಕಿತು, ಈಗ ಆ ಜಾಗ ಇಸ್ರೋದ್ದು. ನನ್ನ ಹತ್ತಿರ ಅಪ್ಪನ ಎಚ್‌ಎಂಟಿ ವಾಚು ಇನ್ನೂ ಇದೆ. ದಿನಾ ಕೀ ಕೊಡುತ್ತೇನೆ.

ಗೇಜ್ ಹುಚ್ಚ:
ತುಮಕೂರು ಅಣ್ಣ, ಕೋಪ ಮಾಡ್ಕೋಬೇಡಿ. ಇದು ತುಮಕೂರು ಆಗೋಕೆ ಸಾಧ್ಯವೇ ಇಲ್ಲ. ಸೀಲು ನೋಡಬೇಡಿ, ಹುಡುಗನ ಕಾಲು ನೋಡಿ.

ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿದ್ದು 1884ರಲ್ಲಿ. ಅದು ಮೀಟರ್ ಗೇಜ್. ಎರಡು ಕಂಬಿಗಳ ನಡುವೆ ಒಂದು ಮೀಟರ್, ಅಂದರೆ ಮೂರು ಅಡಿ ಮೂರು ಇಂಚು. ಹತ್ತು ವರ್ಷದ ಹುಡುಗ ಎರಡೂ ಕಂಬಿ ಮೇಲೆ ಕಾಲಿಡಬೇಕು ಅಂದರೆ ದೊಂಬರಾಟ ಆಡಬೇಕಾಗುತ್ತೆ. ಇಲ್ಲಿ ಹುಡುಗ ಆರಾಮಾಗಿ ನಗುತ್ತಾ ನಿಂತಿದ್ದಾನೆ. ಇದು ಎರಡೂವರೆ ಅಡಿ ಕಂಬಿ, 762 ಮಿಲಿಮೀಟರ್. ನ್ಯಾರೋ ಗೇಜ್.

ನಮ್ಮ ಕಡೆ ಆ ಕಂಬಿ ಇದ್ದಿದ್ದು ಒಂದೇ ದಾರಿಯಲ್ಲಿ. ಬೌರಿಂಗ್‌ಪೇಟೆ (ಈಗಿನ ಬಂಗಾರಪೇಟೆ), ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ನಂದಿ, ದೇವನಹಳ್ಳಿ, ಯಲಹಂಕ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ 1913ರಲ್ಲಿ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಓಡಾಟ ಶುರುವಾಯಿತು. ಆಮೇಲೆ ಎರಡೂ ತುದಿ ಕೂಡಿಕೊಂಡವು. ಮೊಮ್ಮಗನವರೇ, ನಿಮ್ಮ ಫೋಟೋ ಈ ದಾರಿಯ ಯಾವುದೋ ಒಂದು ಸ್ಟೇಷನ್ನಿಂದು. ಯಾವುದು ಅಂತ ಬೆಟ್ಟ ಹೇಳಬೇಕು.

ಅಮಾನಿಕೆರೆ ಏರಿ:
ಕಾಲು ನೋಡಿ ಊರು ಹೇಳೋರನ್ನ ಇವತ್ತೇ ಕಂಡಿದ್ದು. ಸರಿ, ಒಪ್ಪಿದೆ. ಹಾಗಾದರೆ ನಮ್ಮೂರಿನ ಸೀಲು ಯಾಕಿದೆ?

ಶಿಡ್ಲಘಟ್ಟ ಗೂಡು:
ನಮ್ಮ ತಂದೆ ಈ ರೈಲಿನ ಬಗ್ಗೆ ಹೇಳುತ್ತಿದ್ದರು. ಏರು ಬಂದ ಕಡೆ ಜನ ಇಳಿದು, ಪಕ್ಕದಲ್ಲೇ ನಡೆದು, ಮತ್ತೆ ಹತ್ತಿಕೊಳ್ಳುತ್ತಿದ್ದರಂತೆ. ಇದನ್ನ ಎಲ್ಲಾ ಊರಿನವರೂ ಅವರವರ ಚಿಕ್ಕ ರೈಲಿನ ಬಗ್ಗೆ ಹೇಳ್ತಾರೆ, ಅದಕ್ಕೇ ನಾನು ಅರ್ಧ ನಂಬುತ್ತೇನೆ. ಆದರೆ ರೇಷ್ಮೆ ಗೂಡಿನ ಬುಟ್ಟಿ ಹಾಕ್ಕೊಂಡು ಹೋಗುತ್ತಿದ್ದಿದ್ದು ನಿಜ. ಗೂಡಿನ ವಾಸನೆಗೆ ಪಕ್ಕದಲ್ಲಿ ಕೂತವರು ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲೋರಂತೆ. ಅಪ್ಪನಿಗೆ ಅದರಿಂದ ಕಾಲು ಚಾಚೋಕೆ ಜಾಗ ಸಿಗುತ್ತಿತ್ತು.

ಫೋಟೋ ವಿಷಯಕ್ಕೆ ಬಂದರೆ, ಶಿಡ್ಲಘಟ್ಟ ಅಲ್ಲ. ನಮ್ಮಲ್ಲಿ ಬೆಟ್ಟ ಇಷ್ಟು ಹತ್ತಿರ ಕಾಣಲ್ಲ. ನಂದಿ ಹಾಲ್ಟ್ ಇರಬಹುದಾ?

ಕಂದವಾರಪೇಟೆ ಮೊಮ್ಮಗ:
ನನಗೂ ಮೊದಲು ಹಾಗೇ ಅನ್ನಿಸಿತ್ತು. ನಂದಿ ಹಾಲ್ಟ್ ಕಟ್ಟಡ ಇವತ್ತೂ ಇದೆ, ಹೋಗಿ ನೋಡಿಕೊಂಡು ಬಂದೆ. ಬೆಟ್ಟ ಹೊಂದಲ್ಲ. ಅಲ್ಲಿ ನಂದಿ ಬೆಟ್ಟ ಮುಖದ ಮುಂದೆಯೇ ಬಂದು ನಿಂತ ಹಾಗೆ ಇರುತ್ತೆ. ಫೋಟೋದಲ್ಲಿ ಒಂದು ಬೆಟ್ಟ ಕಪ್ಪಗೆ ಹತ್ತಿರ ಇದೆ, ಇನ್ನೊಂದು ತೆಳ್ಳಗೆ ಹೊಗೆ ಥರ ದೂರದಲ್ಲಿದೆ. ಚಿಕ್ಕಬಳ್ಳಾಪುರದಿಂದ ನೋಡಿದರೆ ಸ್ಕಂದಗಿರಿ ಹತ್ತಿರ, ನಂದಿ ದೂರ. ಅಷ್ಟು ಸರಿಹೋಗುತ್ತೆ. ಆದರೆ ತಾರಸಿ ಹತ್ತಿ ಪಶ್ಚಿಮಕ್ಕೆ ಮುಖ ಮಾಡಿದರೆ ನಂದಿ ನನ್ನ ಎಡಗಡೆ, ಸ್ಕಂದಗಿರಿ ಬಲಗಡೆ. ಫೋಟೋದಲ್ಲಿ ಉಲ್ಟಾ. ದಿನಾ ನೋಡೋ ಬೆಟ್ಟ ಸಾರ್, ಅದರಲ್ಲಿ ತಪ್ಪಾಗಲ್ಲ. ಹಾಗಾಗಿ ನಮ್ಮೂರೂ ಅಲ್ಲ ಅಂತ ಬಿಟ್ಟೆ.

ಚಾಂಪಿಯನ್ ರೀಫ್ ಹುಡುಗ:
ನಾನು ಕೆಜಿಎಫ್‌ನವನು. ನಮಗೆ ಈ ಆಟ ಅಭ್ಯಾಸ ಆಗಿದೆ. ಗಣಿ 28 ಫೆಬ್ರವರಿ 2001ಕ್ಕೆ ಮುಚ್ಚಿತು. ಸೈರನ್ ಇಲ್ಲ, ಶಿಫ್ಟ್ ಇಲ್ಲ. ನಮ್ಮ ಅಜ್ಜಂದಿರು ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು ಬರುತ್ತಿದ್ದರು ಅಂದರೆ ನನ್ನ ಮಗಳು ನಂಬಲ್ಲ. ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಶಿವನಸಮುದ್ರದ ಕರೆಂಟು ನಮ್ಮೂರಿಗೆ ಬಂತು ಅಂದರೆ ಅದನ್ನೂ ನಂಬಲ್ಲ. ಉಳಿದಿರೋದು ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ರಾಶಿ, ಮತ್ತೆ ಮನೆಮನೆಯ ಟ್ರಂಕಿನಲ್ಲಿರೋ ಕಾಗದ.

ಕಾಗದದಿಂದ ಕಾಲ ಹಿಡಿಯೋದು ಹೇಗೆ ಅಂತ ಹೇಳ್ತೀನಿ. ನಮ್ಮಲ್ಲಿ ಚೀಟಿ ಮೇಲೆ ಯಾರ ಹೆಸರಿದೆ ಅಂತ ನೋಡಿದರೆ ಸಾಕು. ಹಳೇ ಬ್ರಿಟಿಷ್ ಕಂಪನಿ ಹೆಸರಿದ್ದರೆ 1956ಕ್ಕಿಂತ ಮುಂಚೆ. ಆ ವರ್ಷ ಮೈಸೂರು ಸರ್ಕಾರ ಗಣಿಗಳನ್ನ ತಗೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್) ಅಂತಿದ್ದರೆ 1972ರ ಆಮೇಲೆ. ಅಪ್ಪನ ಹಿತ್ತಾಳೆ ಟೋಕನ್ನಿನಲ್ಲಿ ಬರೀ ನಂಬರ್ ಇದೆ, ಅದೊಂದು ಮಾತ್ರ ಏನೂ ಹೇಳಲ್ಲ.

ನಿಮ್ಮ ಫ್ರೇಮಿನ ಹಿಂದಿನ ರಟ್ಟು ಬಿಚ್ಚಿ ನೋಡಿದಿರಾ? ನಮ್ಮ ಕಡೆ ರಟ್ಟು ಸಡಿಲ ಆಗದ ಹಾಗೆ ಒಳಗೆ ಏನಾದರೂ ಮಡಚಿ ತುರುಕುತ್ತಾರೆ. ಕ್ಯಾಲೆಂಡರ್, ಪೇಪರ್, ಲಗ್ನಪತ್ರಿಕೆ.

ಕಂದವಾರಪೇಟೆ ಮೊಮ್ಮಗ:
ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು! ಮೊಳೆ ಕಿತ್ತು ರಟ್ಟು ತೆಗೆದೆ. ಒಳಗೆ ಒಂದು ರೈಲ್ವೆ ಟಿಕೆಟ್ ಇತ್ತು. ಆ ಕಾಲದ ದಪ್ಪ ರಟ್ಟಿನ ಟಿಕೆಟ್, ಹೆಬ್ಬೆರಳಿನಷ್ಟು. ಚಿಂತಾಮಣಿಯಿಂದ ನಂದಿಗೆ. ಮೂರನೇ ದರ್ಜೆ. ದರ 'ನ.ಪೈ.' ಅಂತ ಇದೆ, ಅಂಕಿಯ ಮೇಲೆ ಗೆದ್ದಲು ಓಡಾಡಿದೆ. ದಿನಾಂಕ ಎಲ್ಲೂ ಇಲ್ಲ.

ಚಿಂತಾಮಣಿ ಅಕ್ಕ:
ನ.ಪೈ. ಅಂದರೆ ನಯೇ ಪೈಸೆ. ಆಣೆ ಲೆಕ್ಕ ಹೋಗಿ ನೂರು ಪೈಸೆ ಲೆಕ್ಕ ಬಂದಿದ್ದು 1957ರ ಏಪ್ರಿಲ್ 1ಕ್ಕೆ. 'ನಯೇ' ಅನ್ನೋದನ್ನ ಕೈಬಿಟ್ಟಿದ್ದು 1964ರ ಜೂನ್‌ನಲ್ಲಿ. ಆ ಏಳು ವರ್ಷದೊಳಗೆ ಅಂತ ಇಟ್ಟುಕೊಳ್ಳಿ. ಅಚ್ಚು ಹಾಕಿಟ್ಟ ಟಿಕೆಟ್ ಮುಗಿಯೋವರೆಗೂ ಮಾರುತ್ತಿದ್ದರೆ ಒಂದೆರಡು ವರ್ಷ ಆಚೆ ಈಚೆ ಆಗಬಹುದು. ಮೂರನೇ ದರ್ಜೆ ಅಂತೂ 1974ಕ್ಕೇ ಹೋಯಿತು.

ದಿನಾಂಕ ಇದ್ದೇ ಇರುತ್ತೆ. ಟಿಕೆಟ್ ಕೊಡುವಾಗ ಕಬ್ಬಿಣದ ಮೆಷಿನ್ನಿಗೆ ತುದಿಯನ್ನ ತುರುಕಿ ಟಕ್ ಅನ್ನಿಸೋರು. ಮಸಿ ಹೋಗಿರುತ್ತೆ, ಒತ್ತು ಹೋಗಿರಲ್ಲ. ರಾತ್ರಿ ಲೈಟ್ ಆರಿಸಿ, ಟಿಕೆಟ್ಟನ್ನ ಮೇಜಿನ ಮೇಲೆ ಇಟ್ಟು, ಮೊಬೈಲ್ ಟಾರ್ಚನ್ನ ಮೇಲಿಂದ ಹಾಕದೆ ಪಕ್ಕದಿಂದ ಅಡ್ಡಡ್ಡ ಹಿಡಿಯಿರಿ. ತಗ್ಗಿನಲ್ಲಿ ನೆರಳು ಬೀಳುತ್ತೆ, ಅಂಕಿ ಎದ್ದು ಬರುತ್ತೆ.

ಒಂದು ತಮಾಷೆ ವಿಷಯ. ಇಳಿದ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ ವಾಪಸ್ ಕೊಡಬೇಕಿತ್ತು. ನಿಮ್ಮ ತಾತ ಕೊಟ್ಟಿಲ್ಲ!

ಕಂದವಾರಪೇಟೆ ಮೊಮ್ಮಗ:
ಅಕ್ಕ, ನಮ್ಮ ತಾತ ಊರಿಗೆಲ್ಲ ನ್ಯಾಯ ಹೇಳೋರು. ಮರ್ಯಾದೆ ತೆಗೀಬೇಡಿ.

ಟಾರ್ಚ್ ಹಿಡಿದು ನೋಡಿದೆ. ತಿಂಗಳು 3, ವರ್ಷ 62. ತಾರೀಕು ಹರಿದ ಜಾಗದಲ್ಲಿದೆ. ಮೈ ಜುಂ ಅಂತು. ಅರವತ್ತು ವರ್ಷ ದೇವರ ಪಟದ ಪಕ್ಕದಲ್ಲೇ ಇತ್ತು.

ಗೇಜ್ ಹುಚ್ಚ:
ಸರ್ ಎಂವಿ ಅವರು ತೀರಿಕೊಂಡಿದ್ದು 1962ರ ಏಪ್ರಿಲ್ 14ಕ್ಕೆ, ಅಂತ್ಯಕ್ರಿಯೆ ನಿಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ. ಒಂದು ತಿಂಗಳು ಆಚೆ ಇದ್ದಿದ್ದರೆ ಅದಕ್ಕೇ ಹೋಗಿದ್ದರು ಅಂತ ಕಥೆ ಕಟ್ಟಬಹುದಿತ್ತು. ಮಾರ್ಚ್ ಅಂದರೆ ಆ ವರ್ಷದ ಶಿವರಾತ್ರಿ. ಟಿಕೆಟ್ ನಂದಿಗೆ. ಭೋಗನಂದೀಶ್ವರನ ಜಾತ್ರೆ, ದನಗಳ ಪರಿಷೆ. ಅಜ್ಜಿಯನ್ನ ಸ್ಟೇಷನ್ ಯಾವುದು ಅಂತ ಕೇಳಬೇಡಿ. ಜಾತ್ರೆಗೆ ಹೋಗಿದ್ರಾ ಅಂತ ಕೇಳಿ ನೋಡಿ.

ಡಾರ್ಕ್‌ರೂಮ್ ಮಾವ:
ಮೂರು ದಿನದಿಂದ ಸುಮ್ನೆ ಓದುತ್ತಿದ್ದೆ. ಇವತ್ತು ಫೋಟೋ ದೊಡ್ಡದು ಮಾಡಿ ನೋಡಿದೆ. ನಾನು ಮೂವತ್ತು ವರ್ಷ ಸ್ಟುಡಿಯೋ ಕೆಲಸ ಮಾಡಿದವನು.

ತಾತನ ಅಂಗಿಯ ಜೇಬು ನೋಡಿ. ಯಾವ ಕಡೆ ಇದೆ?

ಕಂದವಾರಪೇಟೆ ಮೊಮ್ಮಗ:
ಅವರ ಬಲ ಎದೆ ಮೇಲೆ ಮಾವ. ಯಾಕೆ?

ಡಾರ್ಕ್‌ರೂಮ್ ಮಾವ:
ಯಾವ ದರ್ಜಿ ಬಲಗಡೆ ಜೇಬು ಇಡುತ್ತಾನೆ? ಗುಂಡಿ ಪಟ್ಟಿ ನೋಡಿ. ಗಂಡಸರ ಅಂಗಿಯಲ್ಲಿ ಎಡಗಡೆ ಪಟ್ಟಿ ಮೇಲೆ ಬರುತ್ತೆ, ಬಲಗಡೆಯದು ಕೆಳಗೆ. ಇಲ್ಲಿ ಬಲಗಡೆಯದು ಮೇಲಿದೆ. ಫೋಟೋ ಉಲ್ಟಾ ಪ್ರಿಂಟ್ ಆಗಿದೆಯಪ್ಪ.

ನೆಗೆಟಿವ್‌ಗೆ ಎರಡು ಮುಖ. ಒಂದು ಹೊಳೆಯುತ್ತೆ, ಇನ್ನೊಂದು ಮಂಕು. ಮಂಕು ಮುಖ ಯಾವಾಗಲೂ ಪೇಪರ್ ಕಡೆಗೆ ಇರಬೇಕು. ಕೆಂಪು ಬಲ್ಬಿನ ಬೆಳಕಿನಲ್ಲಿ, ಹಬ್ಬದ ಹೊತ್ತಿನಲ್ಲಿ, ಐವತ್ತು ಪ್ರಿಂಟು ಹಾಕುವಾಗ ಒಂದು ತಿರುಗಿ ಬಿತ್ತು ಅಂದರೆ ಯಾರಿಗೂ ಗೊತ್ತಾಗಲ್ಲ. ಬೋರ್ಡು, ಅಕ್ಷರ ಇದ್ದರೆ ತಕ್ಷಣ ಕಾಣುತ್ತೆ. ಇದರಲ್ಲಿ ಅಕ್ಷರವೇ ಇಲ್ಲ. ಮೊಬೈಲಿನಲ್ಲಿ ಮಗುಚಿ ಹಾಕಿ ನೋಡಿ, ನಿಮ್ಮ ಬೆಟ್ಟ ಸರಿಹೋಗುತ್ತೆ.

ಕಂದವಾರಪೇಟೆ ಮೊಮ್ಮಗ:
ಅಯ್ಯೋ ದೇವರೇ. ಮಗುಚಿದೆ. ಎಡಕ್ಕೆ ನಂದಿ, ಬಲಕ್ಕೆ ಸ್ಕಂದಗಿರಿ. ನಮ್ಮೂರೇ. ಚಿಕ್ಕಬಳ್ಳಾಪುರದ ಹಳೇ ಸ್ಟೇಷನ್. ಮೊಬೈಲ್ ಹಿಡ್ಕೊಂಡು ತಾರಸಿ ಮೇಲೆ ಓಡಿದೆ, ಬೆಟ್ಟದ ಗೆರೆ ಗೆರೆ ಹೊಂದುತ್ತೆ. ಹುಟ್ಟಿದಾಗಿಂದ ನೋಡಿದ ಬೆಟ್ಟವನ್ನ ಗೋಡೆ ಮೇಲೆ ಗುರುತು ಹಿಡಿಯಲಿಲ್ಲವಲ್ಲ ನಾನು.

ಶಿಡ್ಲಘಟ್ಟ ಗೂಡು:
ಅಜ್ಜಿಯ ಸೆರಗು ನೋಡಿದರೂ ಗೊತ್ತಾಗಬೇಕಿತ್ತು. ಬಲ ಹೆಗಲ ಮೇಲಿದೆ.

ಚಿಂತಾಮಣಿ ಅಕ್ಕ:
ಸೆರಗಿನ ಮೇಲೆ ಸಾಕ್ಷಿ ನಿಲ್ಲಿಸಬೇಡಿ. ಬಲ ಹೆಗಲಿಗೆ ಹಾಕೋರು ಬೇಕಾದಷ್ಟು ಜನ ಇದ್ದಾರೆ, ಉತ್ತರ ಕರ್ನಾಟಕದ ಕಡೆ ಹೋಗಿ ನೋಡಿ. ಜೇಬು ಸರಿ, ಗುಂಡಿ ಸರಿ. ದರ್ಜಿ ಕಟ್ಟುನಿಟ್ಟು, ಸೀರೆ ಅವರವರ ಮನೆ.

ಚಾಂಪಿಯನ್ ರೀಫ್ ಹುಡುಗ:
ಮಾವ, ಹಳೇ ನೆಗೆಟಿವ್‌ಗಳೆಲ್ಲ ಏನಾದವು? ನಮ್ಮೂರಿನ ಕ್ಲಬ್ಬು, ಬ್ಯಾಂಡು, ಫುಟ್‌ಬಾಲ್ ಮ್ಯಾಚು, ಎಲ್ಲ ಯಾರೋ ಒಬ್ಬರು ತೆಗೆದೇ ಇರುತ್ತಾರಲ್ಲ.

ಡಾರ್ಕ್‌ರೂಮ್ ಮಾವ:
ಕೇಳಿದ್ದೀರಿ, ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದಾಗ ಸ್ಟುಡಿಯೋ ಅಟ್ಟದ ಮೇಲೆ ಗಾಜಿನ ನೆಗೆಟಿವ್ ಇದ್ದ ಮರದ ಪೆಟ್ಟಿಗೆಗಳು ಇದ್ದವು. ಒಂದು ಬೇಸಿಗೆಯಲ್ಲಿ ಮಾಲೀಕರು ಅಟ್ಟ ಖಾಲಿ ಮಾಡು ಅಂದರು. ಗಾಜು ಒಳ್ಳೇ ಗಾಜು, ಬಿಸಾಕೋಕೆ ಮನಸ್ಸು ಬರಲಿಲ್ಲ. ಹಂಡೆಯಲ್ಲಿ ಬಿಸಿನೀರು ಕಾಯಿಸಿ, ಒಂದೊಂದೇ ಮುಳುಗಿಸಿದರೆ ಮೇಲಿನ ಪೊರೆ ಹಾಲಿನ ಕೆನೆ ಥರ ಸುಕ್ಕಾಗಿ ಏಳುತ್ತಿತ್ತು. ಬೆರಳಿನಿಂದ ತಳ್ಳಿದರೆ ಸಾಕು. ಮದುವೆ ಗುಂಪುಗಳು, ರಥದ ಬೀದಿ, ಶಾಲೆ ಮಕ್ಕಳು. ಒಂದು ಕ್ಷಣ ನೀರಿನ ಮೇಲೆ ತೇಲೋರು, ಆಮೇಲೆ ಮೋರಿಗೆ. ಸ್ವಚ್ಛವಾದ ಗಾಜನ್ನ ದೇವರ ಪಟಕ್ಕೆ ಫ್ರೇಮ್ ಹಾಕೋಕೆ ಬಳಸಿದೆವು. ಎರಡು ದಿನದ ಕೆಲಸ. ನನಗೆ ಹದಿನೆಂಟು ವರ್ಷ. ತಪ್ಪು ಅಂತ ಆಗ ಅನ್ನಿಸಲೇ ಇಲ್ಲ.

ಅಮಾನಿಕೆರೆ ಏರಿ:
ಮಾವ, ಎಲ್ಲರ ಮನೆಯಲ್ಲೂ ಒಂದು ಹಂಡೆ ಇದ್ದೇ ಇದೆ. ನಮ್ಮಮ್ಮ ಅಪ್ಪನ ಕಾಗದಗಳನ್ನ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟರು. ನಾನೇ ಮೂಟೆ ಕಟ್ಟಿಕೊಟ್ಟೆ.

ಗೇಜ್ ಹುಚ್ಚ:
ನಮ್ಮ ಕಡೆ ಒಂದು ಕಚೇರಿಯಲ್ಲಿ ಹಳೇ ನಕ್ಷೆ ನೋಡಬೇಕು ಅಂತ ಹೋದರೆ, ಅದನ್ನ ಸುತ್ತಿ ಕಿಟಕಿಯ ಒಡೆದ ಗಾಜಿಗೆ ಅಡ್ಡ ಇಟ್ಟಿದ್ದರು. ಮಳೆ ನೀರು ಬೀಳದ ಹಾಗೆ. ಕೆಲಸಕ್ಕಂತೂ ಬಂದಿದೆ.

ಚಿಕ್ಕಬಳ್ಳಾಪುರದ ಹಳೇದೇನಾದರೂ ಹುಡುಕೋರಿಗೆ ಒಂದು ಮಾತು. ಕೋಲಾರ ಅಂತ ಹುಡುಕಿ. 2007ರವರೆಗೆ ಎಲ್ಲ ಕೋಲಾರ ಜಿಲ್ಲೆಯೇ ಅಲ್ವಾ. 1973ಕ್ಕಿಂತ ಹಿಂದಿನದಾದರೆ ಕರ್ನಾಟಕ ಅಲ್ಲ, ಮೈಸೂರು ರಾಜ್ಯ ಅಂತ ಹುಡುಕಬೇಕು. ಕವರಿನ ಮೇಲೆ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಆಮೇಲಿನದು. ರೈಲ್ವೆ ಕಾಗದವಾದರೆ ಮೈಸೂರು ಸ್ಟೇಟ್ ರೈಲ್ವೆ ಅಂತಿದ್ದರೆ 1951ಕ್ಕಿಂತ ಹಳೇದು, ಆ ಏಪ್ರಿಲ್‌ನಲ್ಲಿ ದಕ್ಷಿಣ ರೈಲ್ವೆಗೆ ಸೇರಿತು.

ಕಂದವಾರಪೇಟೆ ಮೊಮ್ಮಗ:
ಮಾವನ ಪೋಸ್ಟ್ ಓದಿ ನಮ್ಮ ಫ್ರೇಮಿನ ಗಾಜನ್ನೂ ಬಿಸಿಲಿಗೆ ಹಿಡಿದು ನೋಡಿದೆ. ಏನೂ ಇಲ್ಲ, ಬರೀ ನೊಣದ ಗುರುತು.

ಈಗ ಕಥೆ ಪೂರ್ತಿ ಕೇಳಿ. ಅಜ್ಜಿಗೆ 'ಶಿವರಾತ್ರಿ ಜಾತ್ರೆಗೆ ರೈಲಲ್ಲಿ ಹೋಗಿದ್ರಾ' ಅಂತ ಕೇಳಿದೆ, ಅಷ್ಟೇ. ಒಂದು ಗಂಟೆ ಮಾತಾಡಿದರು, ಅರ್ಧ ತೆಲುಗಿನಲ್ಲಿ. ಉಪವಾಸ ಇದ್ದರಂತೆ. ಗಾಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲವಂತೆ. ಬಳ್ಳಾಪುರದಲ್ಲಿ ಇಂಜಿನ್ನಿಗೆ ನೀರು ತುಂಬಿಸೋಕೆ ತುಂಬಾ ಹೊತ್ತು ನಿಲ್ಲಿಸಿದರಂತೆ. ತಾತನ ಸ್ನೇಹಿತರೊಬ್ಬರು ಕ್ಯಾಮೆರಾ ತಂದಿದ್ದರು, ತುಮಕೂರಿನಲ್ಲಿ ಮೇಷ್ಟ್ರು. ಜಾತ್ರೆಗೆ ಅಂತ ಬಂದವರು. ಅವರೇ ಎಲ್ಲರನ್ನೂ ಇಳಿಸಿ ನಿಲ್ಲಿಸಿದ್ದು, ಊರಿಗೆ ಹೋಗಿ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದ್ದು. ಅಮಾನಿಕೆರೆ ಅಣ್ಣ, ನಿಮ್ಮ ಸೀಲು ಸಿಕ್ಕಿತು ನೋಡಿ.

ಚಿಕ್ಕತಾತ ಚಿಂತಾಮಣಿಯಲ್ಲಿದ್ದಾರೆ. ಫೋನ್ ಮಾಡಿದೆ. ಅವರಿಗೆ ಜಾತ್ರೆ ನೆನಪಿಲ್ಲ, ದೇವಸ್ಥಾನ ನೆನಪಿಲ್ಲ. ಕಂಬಿ ಮಾತ್ರ ನೆನಪಿದೆ. 'ಬರಿಗಾಲು ಕಣೋ. ಮಾರ್ಚ್ ಬಿಸಿಲು. ಕಂಬಿ ಕಾದು ಕೆಂಡ. ಅವನು ಅಲುಗಬೇಡ, ಅಲುಗಬೇಡ ಅಂತಾನೆ, ನನಗೆ ಅಂಗಾಲು ಸುಡ್ತಿದೆ. ನಗ್ತಿದೀನಿ ಅಂದ್ಕೊಂಡ್ಯಾ? ಹಲ್ಲು ಕಚ್ಕೊಂಡಿದೀನಿ' ಅಂದರು. ಗೇಜ್ ಅಣ್ಣ, ಆರಾಮಾಗಿ ನಗುತ್ತಾ ನಿಂತಿದ್ದಾನೆ ಅಂದಿರಲ್ಲ!

ಟಿಕೆಟ್ ವಿಷಯ ಕೇಳಿದೆ. ನಂದಿಯಲ್ಲಿ ಆ ನೂಕುನುಗ್ಗಲಲ್ಲಿ ಗೇಟೂ ಇಲ್ಲ, ಕೇಳೋರೂ ಇಲ್ಲವಂತೆ. ತಾತನ ಮರ್ಯಾದೆ ಉಳಿಯಿತು.

ಗೇಜ್ ಹುಚ್ಚ:
ತಪ್ಪಾಯ್ತು ಅಂತ ಚಿಕ್ಕತಾತನಿಗೆ ಹೇಳಿ.

ಆ ಕಂಬಿ ಈಗಿಲ್ಲ. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರ ನವೆಂಬರ್‌ನಲ್ಲಿ. ಐದೂವರೆ ಅಡಿ ಅಗಲ. ಅದರ ಮೇಲೆ ಹಾಗೆ ನಿಲ್ಲೋಕೆ ನನ್ನ ಕೈಯಲ್ಲೂ ಆಗಲ್ಲ.

ಚಿಂತಾಮಣಿ ಅಕ್ಕ:
ಸರಿ ಮಾಡಿದ ಫೋಟೋ ಪ್ರಿಂಟ್ ಹಾಕಿಸಿ ಅಜ್ಜಿಗೆ ತೋರಿಸಿದಿರಾ?

ಕಂದವಾರಪೇಟೆ ಮೊಮ್ಮಗ:
ತೋರಿಸಿದೆ ಅಕ್ಕ. ದೊಡ್ಡದಾಗಿ ಹಾಕಿಸಿ, ಹೊಸ ಫ್ರೇಮ್ ಮಾಡಿಸಿ ತಂದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. ಬೆಟ್ಟ ನೋಡಲಿಲ್ಲ, ಟ್ಯಾಂಕ್ ನೋಡಲಿಲ್ಲ. ತಾತನ ಮುಖದ ಮೇಲೆ ಬೆರಳಿಟ್ಟು 'ಇದು ಅವರಲ್ಲ. ನನ್ನ ಮೈದುನನ ಥರ ಕಾಣ್ತಾರೆ. ಅದೇ ಇರಲಿ, ಅದನ್ನೇ ಹಾಕು' ಅಂದರು.

ತಾತ ಹೋಗಿ ನಲವತ್ತು ವರ್ಷ ಆಯಿತು. ಅಷ್ಟು ವರ್ಷ ಅವರು ನೋಡಿದ್ದು ಆ ಉಲ್ಟಾ ಮುಖವನ್ನೇ ಅಲ್ವಾ. ಹಳೇ ಫೋಟೋನೇ ಮತ್ತೆ ಗೋಡೆಗೆ ಹಾಕಿದ್ದೇನೆ, ಈ ಸಲ ಒಂದಡಿ ಕೆಳಗೆ. ಹೊಸದು ನನ್ನ ರೂಮಿನಲ್ಲಿದೆ.

ಡಾರ್ಕ್‌ರೂಮ್ ಮಾವ:
ಟಿಕೆಟ್ಟನ್ನ ಫ್ರೇಮಿನೊಳಗೆ ವಾಪಸ್ ತುರುಕಬೇಡಿ. ಗೆದ್ದಲು ಇನ್ನೂ ಅಲ್ಲೇ ಇರುತ್ತೆ.